ಎಲ್ಲರ ಕಚೇರಿಯಲ್ಲಿ ಕ್ರೈಸ್ತ ಮೇಲಧಿಕಾರಿ

(ದಾವಣಗೆರೆಯಲ್ಲಿ ಉದ್ಯೋಗಸ್ಥರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ನನಗೆ ಕೊಟ್ಟ ವಿಷಯ, ನಾನಾ ಧರ್ಮದವರು ಕೂಡಿ ದುಡಿಯುವ ಕಚೇರಿಯಲ್ಲಿ ಕ್ರೈಸ್ತರಾದ ಮೇಲಧಿಕಾರಿಗಳು ಹೇಗೆ ನಡೆದುಕೊಳ್ಳಬೇಕು ಎಂಬುದು. ಈ ಬಗ್ಗೆ ನಮ್ಮ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ನಡೆಯುವ ಮಾತುಕತೆ ಸಾಮಾನ್ಯವಾಗಿ ಆ ಅಧಿಕಾರಿಯ ಸುತ್ತಲೇ ಸುತ್ತುತ್ತದೆ. ಅವರು ತಮ್ಮ ವಿಶ್ವಾಸವನ್ನು ಹೇಗೆ ಕಾಪಾಡಿಕೊಳ್ಳಬೇಕು, ಯಾವುದರಲ್ಲಿ ಪಾಲುಗೊಳ್ಳಬಾರದು, ಯೇಸುಸ್ವಾಮಿಗೆ ಹೇಗೆ ಸಾಕ್ಷಿಯಾಗಬೇಕು ಎಂದು ಕೇಳುತ್ತೇವೆ. ಕೇಳಬೇಕಾದ ಪ್ರಶ್ನೆಗಳೇ ಅವು. ಆದರೆ ನಾನು ಈ ದಿನ ಮೇಜಿನ ಇನ್ನೊಂದು ಬದಿಯಿಂದ ಆರಂಭಿಸುತ್ತೇನೆ. ರಜೆ ಅರ್ಜಿ ಹಿಡಿದು ನಿಂತ ಗುಮಾಸ್ತೆ, ಬೆಳೆ ಸಾಲದ ಕಾಗದ ಹಿಡಿದು ಬಂದ ಮೆಕ್ಕೆಜೋಳದ ರೈತ, ಎರಡು ತಿಂಗಳಿಂದ ಸಂಬಳ ಬಾರದ ಹೊರಗುತ್ತಿಗೆಯ ಕಾವಲುಗಾರ, ಇವರಲ್ಲಿ ಯಾರಿಗೂ ಮೇಜಿನ ಆಚೆ ಕುಳಿತವರ ವಿಶ್ವಾಸದ ಸೂಕ್ಷ್ಮಗಳು ಬೇಕಿಲ್ಲ. ಈ ಕುರ್ಚಿಯಿಂದ ನನಗೆ ನ್ಯಾಯ ಸಿಗುತ್ತದೆಯೇ ಎಂಬುದೊಂದೇ ಅವರ ಪ್ರಶ್ನೆ. ಇಲ್ಲಿ ಕ್ರೈಸ್ತರಲ್ಲದ ಸ್ನೇಹಿತರೂ ಕುಳಿತಿದ್ದೀರಿ. ನಿಮ್ಮ ಪ್ರಶ್ನೆಯೂ ಅದೇ ಆಗಿರಬೇಕೆಂದು ಭಾವಿಸುತ್ತೇನೆ.

ನಮ್ಮ ಸೀಮೆಯವರಿಗೆ ಬೇರೆ ಧರ್ಮದವರ ಒಡನಾಟ ಹೊಸದಲ್ಲ. ಪಕ್ಕದ ಹರಿಹರದಲ್ಲಿ, 13ನೆಯ ಶತಮಾನದ ಹೊಯ್ಸಳರ ದೇವಾಲಯದೊಳಗೆ, ಹರಿ ಮತ್ತು ಹರ ಒಂದೇ ವಿಗ್ರಹದಲ್ಲಿ ನಿಂತಿದ್ದಾರೆ. ಅದೇ ಊರಿನ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ಸೆಪ್ಟೆಂಬರ್ 8ರ ಹಬ್ಬದಂದು ಹರಕೆ ಹೊತ್ತು ಬರುವವರಲ್ಲಿ ಹಿಂದೂ ಕುಟುಂಬಗಳೂ ಇರುತ್ತವೆ. ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ ಮಾರುವ ಮಂಡಕ್ಕಿಯನ್ನು ಹುರಿಯುವ ಭಟ್ಟಿಗಳಲ್ಲಿ ದುಡಿಯುವವರು ಹೆಚ್ಚಾಗಿ ಮುಸ್ಲಿಂ ಕುಟುಂಬದವರು. ಇದನ್ನೆಲ್ಲ ಹೇಳಿ, ನಮ್ಮೂರಲ್ಲಿ ಎಲ್ಲರೂ ಒಂದೇ ಎಂದು ಮಾತು ಮುಗಿಸುವುದು ಸುಲಭ. ಆದರೆ ಜಾತ್ರೆಗೂ ಕಚೇರಿಗೂ ದೊಡ್ಡ ವ್ಯತ್ಯಾಸವಿದೆ. ಜಾತ್ರೆಗೆ ಬಂದವರು ತಾವಾಗಿ ಬಂದಿರುತ್ತಾರೆ, ಬೇಡವೆನಿಸಿದರೆ ಎದ್ದು ಹೋಗುತ್ತಾರೆ. ಕಚೇರಿಯಲ್ಲಿ ಒಬ್ಬರ ಕೈಯಲ್ಲಿ ಇನ್ನೊಬ್ಬರ ರಜೆ, ವರ್ಗಾವಣೆ, ಬಡ್ತಿ ಮತ್ತು ಅನ್ನ ಇರುತ್ತದೆ. ಅಲ್ಲಿ ಧರ್ಮದ ಮಾತು ಬಂದಾಗಲೆಲ್ಲ ಅದರ ಹಿಂದೆ ಅಧಿಕಾರದ ನೆರಳು ಇದ್ದೇ ಇರುತ್ತದೆ. ಈ ನೆರಳನ್ನು ಮರೆತರೆ ನಮ್ಮ ಸದುದ್ದೇಶವೂ ಇನ್ನೊಬ್ಬರಿಗೆ ಒತ್ತಡವಾಗಿ ಪರಿಣಮಿಸುತ್ತದೆ.

ಬೈಬಲಿನ ಮಾರ್ಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಇಬ್ಬರು ಶಿಷ್ಯರು ಯೇಸುವಿನ ಬಲಗಡೆ ಮತ್ತು ಎಡಗಡೆಯ ಆಸನಗಳನ್ನು ಕೇಳುತ್ತಾರೆ. ಉಳಿದ ಹತ್ತು ಮಂದಿಗೆ ಸಿಟ್ಟು ಬರುತ್ತದೆ. ಆಗ ಯೇಸು, ಲೋಕದ ಅಧಿಪತಿಗಳು ಜನರ ಮೇಲೆ ದೊರೆತನ ನಡೆಸುತ್ತಾರೆ, ನಿಮ್ಮಲ್ಲಿ ಹಾಗಿರಬಾರದು, ದೊಡ್ಡವನಾಗಬೇಕೆಂದಿರುವವನು ಸೇವಕನಾಗಿರಬೇಕು ಎನ್ನುತ್ತಾರೆ. ಈ ಮಾತನ್ನು ಸಭೆಯೊಳಗಿನ ಹಿರಿಯರಿಗೆ ಮಾತ್ರ ಹೇಳಿದ್ದೆಂದು ಅನೇಕರು ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ಕ್ರಿಸ್ತನ ಶಿಷ್ಯರು ಎಲ್ಲಿ ಅಧಿಕಾರ ಹಿಡಿದರೂ ಆ ಅಧಿಕಾರದ ಸ್ವರೂಪ ಹೀಗಿರಬೇಕು ಎಂಬುದೇ ಅದರ ಅರ್ಥ. ಅಂದಮೇಲೆ ಸೇವೆ ಯಾರಿಗೆ ಸಲ್ಲಬೇಕು? ಕುರ್ಚಿ ಯಾರಿಗಾಗಿ ಇದೆಯೋ ಅವರಿಗೆ. ಸರ್ಕಾರಿ ಆಸ್ಪತ್ರೆಯ ಶುಶ್ರೂಷಾ ಅಧೀಕ್ಷಕರ ಕುರ್ಚಿ ವಾರ್ಡಿನಲ್ಲಿ ಮಲಗಿದ ಎಲ್ಲರಿಗಾಗಿ ಇದೆ, ಬ್ಯಾಂಕ್ ವ್ಯವಸ್ಥಾಪಕರ ಕುರ್ಚಿ ಠೇವಣಿ ಇಟ್ಟ ಮತ್ತು ಸಾಲ ಕೇಳುವ ಎಲ್ಲರಿಗಾಗಿ ಇದೆ. ಅದನ್ನು ನಮಗೆ ಕೊಟ್ಟಿದ್ದು ನಮ್ಮ ಸಭೆಯಲ್ಲ. ಆದ್ದರಿಂದ ಅದರ ಬಲವನ್ನು ಸಭೆಯ ಕಡೆಗೆ ತಿರುಗಿಸುವ ಹಕ್ಕು ನಮಗಿಲ್ಲ.

ಈ ವಿಚಾರದಲ್ಲಿ ನಮ್ಮ ಹಿರಿಯರು ಒಂದು ದಾರಿ ತೋರಿಸಿ ಹೋಗಿದ್ದಾರೆ. ಸಂವಿಧಾನ ರಚನಾ ಸಭೆಯ ಉಪಾಧ್ಯಕ್ಷರಾಗಿದ್ದ ಹರೇಂದ್ರ ಕುಮಾರ್ ಮುಖರ್ಜಿಯವರು ಬಂಗಾಳದ ಕ್ರೈಸ್ತರು. ಅಲ್ಪಸಂಖ್ಯಾತರ ಉಪಸಮಿತಿಯ ಅಧ್ಯಕ್ಷರೂ ಅವರೇ ಆಗಿದ್ದರು. 1949ರ ಮೇ ತಿಂಗಳಲ್ಲಿ, ಧಾರ್ಮಿಕ ಅಲ್ಪಸಂಖ್ಯಾತರಿಗೆ ಶಾಸನಸಭೆಗಳಲ್ಲಿ ಮೀಸಲು ಸ್ಥಾನ ಬೇಡವೆಂಬ ನಿರ್ಣಯ ಬಂದಾಗ ಅವರು ಅದನ್ನು ಬೆಂಬಲಿಸಿದರು. ಆ ನಿರ್ಧಾರದಿಂದ ಆದ ಲಾಭನಷ್ಟಗಳನ್ನು ಚರ್ಚಿಸಬಹುದು. ಪರಿಶಿಷ್ಟ ಜಾತಿಯಿಂದ ಬಂದ ಕ್ರೈಸ್ತರಿಗೆ 1950ರ ರಾಷ್ಟ್ರಪತಿಗಳ ಆದೇಶದಡಿ ಆ ಸ್ಥಾನಮಾನ ಇಂದಿಗೂ ಸಿಗದಿರುವ ನೋವು ಬೇರೆಯೇ ಇದೆ, ಅದು ನನ್ನ ಮನಸ್ಸನ್ನು ಕೊರೆಯುತ್ತಲೇ ಇದೆ. ಆದರೆ ಮುಖರ್ಜಿಯವರು ತಾವು ಕುಳಿತ ಪೀಠವನ್ನು ಇಡೀ ದೇಶದ ಪೀಠವೆಂದು ತಿಳಿದರು, ತಮ್ಮ ಸಮುದಾಯದ ಪಾಲನ್ನು ಹೆಚ್ಚಿಸಿಕೊಳ್ಳಲು ಅದನ್ನು ಬಳಸಲಿಲ್ಲ ಎಂಬುದು ನಿಜ. ಅದೇ ಸಂವಿಧಾನದ 25ನೆಯ ವಿಧಿ ನಮಗೆ ನಮ್ಮ ಧರ್ಮವನ್ನು ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. 16ನೆಯ ವಿಧಿ ಸರ್ಕಾರಿ ಉದ್ಯೋಗದಲ್ಲಿ ಧರ್ಮದ ಆಧಾರದ ಭೇದವನ್ನು ನಿಷೇಧಿಸಿದೆ. ಎರಡನ್ನೂ ಒಟ್ಟಿಗೆ ಹಿಡಿಯಬೇಕಾದ ಜಾಗವೇ ಕಚೇರಿ.

ಈಗ ಬೈಬಲಿನ ದಾನಿಯೇಲನ ಬಳಿಗೆ ಹೋಗೋಣ. ಅವನು ಬಾಬೆಲಿಗೆ ಸೆರೆಯಾಗಿ ಹೋಗಿ ಅಲ್ಲಿನ ಅರಸನ ಸೇವೆಗೆ ಸೇರಿದ ಯೆಹೂದ್ಯ. ಅವನ ಹೆಸರೆತ್ತಿದರೆ ನಮಗೆಲ್ಲ, ತನ್ನ ದೇವರಿಗೆ ಪ್ರಾರ್ಥಿಸಿದ್ದಕ್ಕಾಗಿ ಅವನನ್ನು ಹಾಕಿಸಿದ ಸಿಂಹಗಳ ಗವಿಯೇ ನೆನಪಾಗುತ್ತದೆ. ನಾನು ನಿಮ್ಮನ್ನು ಅವನ ಪುಸ್ತಕದ 2ನೆಯ ಅಧ್ಯಾಯಕ್ಕೆ ಕರೆದೊಯ್ಯುತ್ತೇನೆ. ಬಾಬೆಲಿನ ಅರಸ ನೆಬೂಕದ್ನೆಚ್ಚರ ಒಂದು ಕನಸು ಕಂಡ. ಕನಸು ಏನೆಂದು ಹೇಳದೆ, ಕನಸನ್ನೂ ಅದರ ಅರ್ಥವನ್ನೂ ನೀವೇ ಹೇಳಬೇಕೆಂದು ಜೋಯಿಸರನ್ನೂ ಮಂತ್ರವಾದಿಗಳನ್ನೂ ಒತ್ತಾಯಿಸಿದ. ಅವರಿಂದ ಆಗಲಿಲ್ಲ. ರಾಜ್ಯದ ಜ್ಞಾನಿಗಳನ್ನೆಲ್ಲ ಕೊಲ್ಲಿಸಿಬಿಡಿ ಎಂದು ಅಪ್ಪಣೆ ಹೊರಡಿಸಿದ. ದಾನಿಯೇಲನಿಗೆ ಆ ರಾತ್ರಿ ದೇವರು ಗುಟ್ಟನ್ನು ತಿಳಿಸಿದರು. ಮರುದಿನ ಅವನು ಕೊಲ್ಲುವ ಅಧಿಕಾರ ಪಡೆದಿದ್ದ ಅರ್ಯೋಕನ ಬಳಿಗೆ ಹೋಗಿ ಮೊದಲು ಆಡಿದ ಮಾತು, ಬಾಬೆಲಿನ ಜ್ಞಾನಿಗಳನ್ನು ಕೊಲ್ಲಬೇಡ ಎಂಬುದು. ನನ್ನನ್ನು ಅರಸನ ಬಳಿಗೆ ಕರೆದುಕೊಂಡು ಹೋಗು ಎಂಬುದು ಆಮೇಲಿನ ಮಾತು.

ಇದನ್ನು ನಿಧಾನವಾಗಿ ಯೋಚಿಸಿ ನೋಡಿ. ಆ ಜೋಯಿಸರ ವಿದ್ಯೆಯನ್ನು ದಾನಿಯೇಲ ನಂಬುತ್ತಿರಲಿಲ್ಲ. ಅವರು ಪೂಜಿಸುವ ದೇವರುಗಳನ್ನು ಅವನು ಪೂಜಿಸುತ್ತಿರಲಿಲ್ಲ. ತನ್ನೂರನ್ನು ಸೂರೆಗೊಂಡ ದೇಶದ ಜನ ಅವರು. ಅವರ ವಿಷಯದಲ್ಲಿ ಸುಮ್ಮನಿದ್ದಿದ್ದರೆ ಅವನ ಎದುರಾಳಿಗಳೆಲ್ಲ ಒಂದೇ ದಿನದಲ್ಲಿ ಇಲ್ಲವಾಗುತ್ತಿದ್ದರು, ಅವನೊಬ್ಬನೇ ಅರಸನ ಪಕ್ಕದಲ್ಲಿ ಉಳಿಯುತ್ತಿದ್ದ. ಆದರೆ ಅರಸನ ಕಿವಿಗೆ ಮುಟ್ಟುವ ದಾರಿ ತೆರೆದ ಕೂಡಲೇ ಅವನು ಅದನ್ನು ಬಳಸಿದ್ದು ಅವರ ಜೀವ ಉಳಿಸಲು. ಅಧ್ಯಾಯದ ಕೊನೆಯಲ್ಲಿ ಅರಸನು ಅವನನ್ನು ಆ ಜ್ಞಾನಿಗಳೆಲ್ಲರ ಮುಖ್ಯಸ್ಥನನ್ನಾಗಿ ನೇಮಿಸುತ್ತಾನೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಬೇರೆ ಧರ್ಮದ ಸಿಬ್ಬಂದಿಯಿರುವ ಇಲಾಖೆಗೆ ಅವನು ಮೇಲಧಿಕಾರಿಯಾದ. ಅವರನ್ನು ತೆಗೆದುಹಾಕಿ ತನ್ನವರನ್ನು ತುಂಬಿಸಿಕೊಂಡನೆಂದು ಎಲ್ಲಿಯೂ ಬರೆದಿಲ್ಲ. ವರ್ಷಗಳ ನಂತರ, 6ನೆಯ ಅಧ್ಯಾಯದಲ್ಲಿ, ಅವನ ಮೇಲೆ ಹೊಟ್ಟೆಕಿಚ್ಚುಪಟ್ಟವರು ರಾಜ್ಯಭಾರದ ಕೆಲಸದಲ್ಲಿ ಅವನ ತಪ್ಪು ಹುಡುಕಿ ಸೋಲುತ್ತಾರೆ. ಲಂಚವಿಲ್ಲ, ಅಲಕ್ಷ್ಯವಿಲ್ಲ, ಅವನ ದೇವರ ವಿಷಯದಲ್ಲಿ ಹೊರತು ಬೇರೆ ನೆಪ ಸಿಗದೆಂದು ಅವರೇ ಒಪ್ಪಿಕೊಳ್ಳುತ್ತಾರೆ. ಸಿಂಹಗಳ ಗವಿಯ ಧೈರ್ಯವನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಗವಿಗೆ ಹೋಗುವ ಮುನ್ನ ಹತ್ತಾರು ವರ್ಷ ಕಡತಗಳನ್ನು ಶುದ್ಧವಾಗಿಟ್ಟ ಧೈರ್ಯವನ್ನೂ, ಬೇರೆ ಧರ್ಮದ ಸಹೋದ್ಯೋಗಿಗಳ ಪರವಾಗಿ ಮೊದಲ ಮಾತಾಡಿದ ಧೈರ್ಯವನ್ನೂ ಹೇಳಿಕೊಡಬೇಕು.

ನಿಮ್ಮಲ್ಲಿ ಹೆಚ್ಚಿನವರು ಎದುರಿಸುವ ಪ್ರಶ್ನೆ ಆಯುಧಪೂಜೆಯದು. ಇಲ್ಲಿಗೆ ಬರುವ ಮೊದಲೇ ಇಬ್ಬರು ನನ್ನನ್ನು ಇದನ್ನೇ ಕೇಳಿದರು. ನಾನು ಬ್ಯಾಂಕಿನಲ್ಲಿ ದುಡಿದವಳು. ಶಾಖೆಯಲ್ಲಿ ಆ ದಿನ ಹೇಗಿರುತ್ತದೆಂದು ನಿಮಗೆ ಗೊತ್ತು. ಬಾಗಿಲಿಗೆ ಮಾವಿನ ತೋರಣ, ತಿಜೋರಿಗೆ ಮೂರೆಳೆ ವಿಭೂತಿ, ನೋಟು ಎಣಿಸುವ ಯಂತ್ರದ ಮೇಲೆ ಸೇವಂತಿಗೆ, ಜನರೇಟರ್ ಮುಂದೆ ಕುಂಕುಮ ತುಂಬಿದ ಬೂದುಗುಂಬಳ, ಹೊರಗೆ ನಿಂತ ಬೈಕುಗಳ ಚಕ್ರದಡಿ ನಿಂಬೆಹಣ್ಣು, ಮಂಗಳಾರತಿ ಆದಮೇಲೆ ಮಂಡಕ್ಕಿ, ಕಡಲೆ, ಬೆಲ್ಲ. ವ್ಯವಸ್ಥಾಪಕರೇ ಆರತಿ ಎತ್ತುವುದು ರೂಢಿ.

ನಾನು ಹೊಸ ಶಾಖೆಗೆ ಹೋದಾಗ, ದಸರೆಗೆ ಇನ್ನೂ ಸಾಕಷ್ಟು ದಿನ ಇರುವಂತೆಯೇ, ಅಲ್ಲಿನ ಹಿರಿಯ ಅಟೆಂಡರನ್ನು ಕರೆದು ಮಾತಾಡಿದೆ. ಪೂಜೆ ಪ್ರತಿ ವರ್ಷದಂತೆ ನಡೆಯಲಿ, ಆರತಿಯನ್ನು ನೀವೇ ಎತ್ತಿ, ನಾನು ನಿಮ್ಮ ಜೊತೆಗೇ ನಿಂತಿರುತ್ತೇನೆ, ನನ್ನ ಹಣೆಗೆ ಮಾತ್ರ ಕುಂಕುಮ ಬೇಡ, ಇದು ನಿಮ್ಮ ಮೇಲಿನ ಅಗೌರವವೆಂದು ತಿಳಿಯಬೇಡಿ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಆಯ್ತು ಬಿಡ್ರಿ ಮೇಡಂ, ನಿಮ್ಮ ದೇವ್ರು ನಿಮ್ಗೆ. ಸಿಹಿ ಮಾತ್ರ ನಿಮ್ಮ ಕೈಯಿಂದ್ಲೇ ಹಂಚಿಸ್ತೀವಿ” ಎಂದರು. ಹಾಗೆಯೇ ನಡೆಯಿತು. ಹಬ್ಬದ ದಿನ ಎಲ್ಲರ ಎದುರು ಹಿಂದೆ ಸರಿದಿದ್ದರೆ ಅದು ಅವಮಾನವಾಗಿ ಕಾಣುತ್ತಿತ್ತು. ಮುಂಚೆಯೇ ಒಬ್ಬ ಹಿರಿಯರಿಗೆ ಗೌರವದಿಂದ ಹೇಳಿದ್ದರಿಂದ ಅದು ಒಬ್ಬರನ್ನೊಬ್ಬರು ಅರಿತುಕೊಳ್ಳುವ ಮಾತಾಯಿತು. ನಾನು ಇನ್ನೊಂದನ್ನೂ ಹೇಳಿದ್ದೆ. ವಂತಿಗೆ ಎತ್ತುವುದಾದರೆ ಅದು ಇಷ್ಟವಿದ್ದವರಿಂದ ಮಾತ್ರ, ಗ್ರಾಹಕರಿಂದ ಒಂದು ರೂಪಾಯಿಯೂ ಬೇಡ, ಯಾರು ಕೊಟ್ಟರು ಯಾರು ಕೊಡಲಿಲ್ಲ ಎಂಬ ಪಟ್ಟಿ ನನ್ನ ಮೇಜಿಗೆ ಬರಬಾರದು. ಮುಸ್ಲಿಂ ಕ್ಯಾಷಿಯರ್ ಇರಬಹುದು, ದೇವರನ್ನು ನಂಬದ ಗುಮಾಸ್ತರಿರಬಹುದು, ಕೈ ಕಟ್ಟಿದ ತಿಂಗಳಲ್ಲಿರುವ ಹಿಂದೂ ಅಟೆಂಡರೇ ಇರಬಹುದು. ಮೇಲಧಿಕಾರಿ ಆ ಪಟ್ಟಿ ನೋಡುತ್ತಾರೆಂದ ಕೂಡಲೇ ವಂತಿಗೆಯು ತೆರಿಗೆಯಾಗಿಬಿಡುತ್ತದೆ.

ಈ ಕುರಿತು ಬೈಬಲಿನಲ್ಲಿ ನನಗೆ ದಾರಿ ತೋರಿದ್ದು ನಾಮಾನನ ಕಥೆ, ಎರಡನೆಯ ಅರಸುಗಳ ಪುಸ್ತಕದ 5ನೆಯ ಅಧ್ಯಾಯ. ಅರಾಮ್ಯರ ಸೇನಾಪತಿಯಾದ ಅವನು ಕುಷ್ಠದಿಂದ ಗುಣಹೊಂದಿ, ಇನ್ನು ಮುಂದೆ ಇಸ್ರಾಯೇಲಿನ ದೇವರನ್ನು ಮಾತ್ರ ಆರಾಧಿಸುತ್ತೇನೆಂದು ಪ್ರವಾದಿ ಎಲೀಷನಿಗೆ ಹೇಳುತ್ತಾನೆ. ಆದರೆ ಅವನಿಗೊಂದು ಕಚೇರಿಯ ತೊಡಕಿದೆ. ಅವನ ಅರಸನು ರಿಮ್ಮೋನನ ಗುಡಿಗೆ ಹೋಗುವಾಗ ಇವನ ತೋಳನ್ನು ಹಿಡಿದುಕೊಂಡು ಬಾಗುತ್ತಾನೆ, ಆಗ ಇವನೂ ಬಾಗಬೇಕಾಗುತ್ತದೆ. ಇದೊಂದನ್ನು ದೇವರು ಕ್ಷಮಿಸಲಿ ಎಂದು ಅವನು ಬೇಡುತ್ತಾನೆ. ಎಲೀಷನ ಉತ್ತರ, ಸಮಾಧಾನದಿಂದ ಹೋಗು ಎಂಬುದಷ್ಟೆ. ಕೆಲಸ ಬಿಡು ಎನ್ನಲಿಲ್ಲ, ಅದೆಲ್ಲ ಏನೂ ಪರವಾಗಿಲ್ಲ ಎಂತಲೂ ಹೇಳಲಿಲ್ಲ. ಹೃದಯ ಎಲ್ಲಿ ಬಾಗುತ್ತದೆ, ಕರ್ತವ್ಯದಿಂದ ದೇಹ ಎಲ್ಲಿ ನಿಲ್ಲುತ್ತದೆ ಎಂಬುದರ ನಡುವೆ ದೇವರಿಗೆ ವ್ಯತ್ಯಾಸ ಗೊತ್ತಿದೆ ಎಂಬ ಭರವಸೆಯನ್ನು ನಾನು ಆ ಉತ್ತರದಲ್ಲಿ ಕಾಣುತ್ತೇನೆ. ಪ್ರಸಾದ ತಿನ್ನಬಹುದೇ ಎಂದು ಕೇಳುವವರಿಗೆ ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೆಯ ಅಧ್ಯಾಯವನ್ನು ಓದಿರೆನ್ನುತ್ತೇನೆ. ತಿನ್ನುವವನು ತಿನ್ನದವನನ್ನು ಹೀನೈಸಬಾರದು, ತಿನ್ನದವನು ತಿನ್ನುವವನಿಗೆ ತೀರ್ಪು ಮಾಡಬಾರದು ಎಂದು ಪೌಲನು ಅಲ್ಲಿ ಹೇಳುತ್ತಾನೆ. ನಿಮ್ಮ ಕಚೇರಿಯಲ್ಲಿ ಇನ್ನಿಬ್ಬರು ಕ್ರೈಸ್ತರಿದ್ದರೆ ನಿಮ್ಮ ತೀರ್ಮಾನವನ್ನು ಅವರ ಮೇಲೆ ಕಾನೂನಿನಂತೆ ಹೇರಬೇಡಿ.

ಸುವಾರ್ತೆಯನ್ನು ಸಾರುವ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಧರ್ಮಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟು 1977ರಲ್ಲೇ ಹೇಳಿದೆ. ಆ ತೀರ್ಪನ್ನು ಒಪ್ಪುವವರೂ ಒಪ್ಪದವರೂ ನಮ್ಮಲ್ಲಿದ್ದಾರೆ. ಕೋರ್ಟಿನ ಮಾತನ್ನು ಬದಿಗಿಟ್ಟು ನೋಡಿದರೂ, ಪ್ರೊಬೇಷನ್ ಅವಧಿಯಲ್ಲಿರುವ ಗುಮಾಸ್ತೆಯ ವಾರ್ಷಿಕ ವರದಿಯನ್ನು ಬರೆಯುವ ಕೈಯಿಂದಲೇ ಅವಳಿಗೆ ಭಾನುವಾರದ ಕೂಟದ ಕರೆಯೋಲೆ ಕೊಟ್ಟರೆ, ಬರುವುದಿಲ್ಲ ಎನ್ನುವ ಸ್ವಾತಂತ್ರ್ಯ ಅವಳಿಗಿದೆಯೇ? ಬಂದರೂ ಅದು ದೇವರ ಕಡೆಗೆ ಇಟ್ಟ ಹೆಜ್ಜೆಯೋ ನಮ್ಮ ಕಡೆಗೆ ಇಟ್ಟ ಹೆಜ್ಜೆಯೋ ಅವಳಿಗೂ ತಿಳಿಯದು. ಪೇತ್ರನ ಮೊದಲನೆಯ ಪತ್ರಿಕೆ, ಕೇಳಿದವರಿಗೆ ಸಾತ್ವಿಕತ್ವದಿಂದಲೂ ಗೌರವದಿಂದಲೂ ಉತ್ತರ ಹೇಳಿರಿ ಎನ್ನುತ್ತದೆ. ಕೇಳಿದವರಿಗೆ ಎಂಬುದನ್ನು ನಾನು ಅಕ್ಷರಶಃ ಹಿಡಿದಿದ್ದೇನೆ. ಸಹೋದ್ಯೋಗಿಯೊಬ್ಬರು ಆಸ್ಪತ್ರೆಯಲ್ಲಿ ಮಗನನ್ನಿಟ್ಟುಕೊಂಡು ಪ್ರಾರ್ಥಿಸಿ ಎಂದರೆ ಅಲ್ಲೇ ನಿಂತು ಪ್ರಾರ್ಥಿಸಿ, ಅದಕ್ಕೆ ಯಾವ ನಿಯಮವೂ ಅಡ್ಡಿಯಿಲ್ಲ.

ಇನ್ನು ನಮ್ಮವರ ವಿಷಯ. ಇದನ್ನು ಹೇಳುವಾಗ ಕೆಲವರಿಗೆ ನೋವಾಗಬಹುದು, ಆದರೂ ಹೇಳಲೇಬೇಕು. ಈ ಜಿಲ್ಲೆಗಳಲ್ಲಿ ನಮ್ಮ ಸಮುದಾಯ ಚಿಕ್ಕದು. ಭಾನುವಾರ ಆರಾಧನೆ ಮುಗಿಸಿ ಮೆಟ್ಟಿಲಿಳಿಯುವಾಗ ಎಲ್ಲರಿಗೂ ಎಲ್ಲರ ಕೆಲಸ ಗೊತ್ತಿರುತ್ತದೆ. “ಅಕ್ಕಾ, ನಮ್ಮ ಹುಡುಗನ ಲೋನ್ ಫೈಲು ನಿಮ್ಮ ಬ್ರಾಂಚಿಗೇ ಬಂದೈತಿ, ಸ್ವಲ್ಪ ನೋಡ್ರಿ” ಎನ್ನುತ್ತಾರೆ. ಕೆಲವೊಮ್ಮೆ ಸಭಾಪಾಲಕರೇ ಫೋನು ಮಾಡುತ್ತಾರೆ. ಕೇಳುವವರು ಕೆಟ್ಟವರಲ್ಲ. ಬೇರೆಯವರಿಗೆಲ್ಲ ಅವರವರ ಜಾತಿಯ, ಮಠದ, ಪಕ್ಷದ ಬೆಂಬಲವಿದೆ, ನಮಗೆ ಇರುವುದು ನೀವೊಬ್ಬರೇ ಎಂಬ ಅಸಹಾಯಕತೆ ಆ ಮಾತಿನಲ್ಲಿರುತ್ತದೆ. ನನಗೆ ಅದು ಅರ್ಥವಾಗುತ್ತದೆ. ಆದರೂ ಉತ್ತರ ಒಂದೇ. ಫೈಲು ಸರಿಯಿದ್ದರೆ ಸಾಲಿನಲ್ಲಿ ಅದರ ಸರದಿ ಬಂದಾಗ ಮಂಜೂರಾಗುತ್ತದೆ. ಸರಿಯಿಲ್ಲದಿದ್ದರೆ ಯಾವ ದಾಖಲೆ ಬೇಕೆಂದು ಬೇರೆಯವರಿಗೆ ಹೇಳಿದಷ್ಟೇ ತಾಳ್ಮೆಯಿಂದ ಹೇಳುತ್ತೇನೆ. ಧರ್ಮೋಪದೇಶಕಾಂಡದ ಮೊದಲನೆಯ ಅಧ್ಯಾಯದಲ್ಲಿ ಮೋಶೆ ನ್ಯಾಯಾಧಿಪತಿಗಳಿಗೆ, ವ್ಯಾಜ್ಯ ಸಹೋದರರ ನಡುವಿನದಾಗಿರಲಿ, ಪರದೇಶಿಯೊಡನೆ ಆಗಿರಲಿ, ನ್ಯಾಯವಾಗಿ ತೀರಿಸಿರಿ, ಮುಖ ನೋಡಬೇಡಿರಿ ಎಂದು ಆಜ್ಞಾಪಿಸುತ್ತಾನೆ. ಸಹೋದರನಿಗೆ ಮೊದಲು ಮಾಡಿ ಎಂದು ಅಲ್ಲಿಲ್ಲ.

ಈ ಸೀಮೆಯಲ್ಲಿ ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಸಿರಿಗೆರೆಯ ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠಕ್ಕೆ ಜಮೀನಿನ ವ್ಯಾಜ್ಯ, ಮನೆತನದ ಜಗಳ ಹೊತ್ತು ಜನ ಹೋಗುವುದನ್ನು ನೀವು ಕೇಳಿದ್ದೀರಿ. ಎದುರಾಳಿಗೂ ನನಗೂ ಅಲ್ಲಿ ಒಂದೇ ಅಳತೆ ಎಂಬ ನಂಬಿಕೆ ಇರುವವರೆಗೆ ಮಾತ್ರ ಜನ ಯಾವುದೇ ಪೀಠದ ಬಳಿಗೆ ಹೋಗುತ್ತಾರೆ. ನಮ್ಮ ಮೇಜಿಗೂ ಈ ಮಾತು ಸಲ್ಲುತ್ತದೆ.

ಇದರ ಇನ್ನೊಂದು ಮುಖವನ್ನೂ ನಾನು ನೋಡಿದ್ದೇನೆ. ನಮ್ಮವರಿಗೆ ಪಕ್ಷಪಾತ ಮಾಡಿದರೆಂಬ ಮಾತು ಬಂದೀತೆಂಬ ಹೆದರಿಕೆಯಿಂದ, ನಮ್ಮವರ ಮೇಲೇ ಹೆಚ್ಚು ಬಿಗಿ ತೋರಿಸುವ ಅಧಿಕಾರಿಗಳಿದ್ದಾರೆ. ಹಂಗಾಮಿಯಾಗಿದ್ದ ಕ್ರೈಸ್ತ ಹೆಣ್ಣುಮಗಳೊಬ್ಬಳ ಕೆಲಸ ಕಾಯಂ ಮಾಡುವ ಕಾಗದ, ಅದನ್ನು ಕಳಿಸಬೇಕಾದವರೂ ಕ್ರೈಸ್ತರೇ ಎಂಬ ಒಂದೇ ಕಾರಣಕ್ಕೆ, ತಿಂಗಳುಗಟ್ಟಲೆ ಮೇಜಿನಲ್ಲಿ ಕೊಳೆತದ್ದು ನನಗೆ ಗೊತ್ತು. ಅವಳ ಅರ್ಹತೆಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆ ಅಧಿಕಾರಿ ತಮ್ಮ ಒಳ್ಳೆಯ ಹೆಸರಿನ ಬೆಲೆಯನ್ನು ಅವಳ ಸಂಬಳದಿಂದ ತೆತ್ತರು. ಅದೂ ಅನ್ಯಾಯವೇ.

ಹಣದ ಮಾತಿಗೆ ಬಂದರೆ, ನೆಹೆಮೀಯನ ಪುಸ್ತಕದ 5ನೆಯ ಅಧ್ಯಾಯವನ್ನು ಬ್ಯಾಂಕಿನವರು ಮತ್ತು ಅಡತಿ ಅಂಗಡಿಯವರು ವರ್ಷಕ್ಕೊಮ್ಮೆಯಾದರೂ ಓದಬೇಕು. ಬರಗಾಲದಲ್ಲಿ ಜನ ಕಾಳಿಗಾಗಿ ಹೊಲವನ್ನೂ ಮನೆಯನ್ನೂ ಒತ್ತೆಯಿಟ್ಟಿದ್ದರು. ಅರಸನ ಕಂದಾಯ ಕಟ್ಟಲು ಸಾಲ ಮಾಡಿದ್ದರು. ಮಕ್ಕಳನ್ನು ಜೀತಕ್ಕೆ ಬಿಟ್ಟಿದ್ದರು. ಜಗಳೂರು, ಮೊಳಕಾಲ್ಮೂರು, ಚಳ್ಳಕೆರೆಯ ಕಡೆ ಬರದ ವರ್ಷಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಯೆಹೂದ ನಾಡಿನ ದೇಶಾಧಿಪತಿಯಾಗಿದ್ದ ನೆಹೆಮೀಯ ಬಡ್ಡಿ ತಿನ್ನುತ್ತಿದ್ದ ಶ್ರೀಮಂತರನ್ನು ಸಭೆ ಸೇರಿಸಿ ಗದರಿಸಿದ. ತಾನೂ ತನ್ನ ಜನರೂ ಹಣ ಮತ್ತು ಧಾನ್ಯ ಸಾಲ ಕೊಟ್ಟಿದ್ದೇವೆ, ಎಲ್ಲರೂ ಈ ಬಡ್ಡಿಯನ್ನು ಬಿಟ್ಟುಬಿಡೋಣ ಎಂದ. ಅವನ ಹಿಂದಿನ ಅಧಿಪತಿಗಳು ಜನರಿಂದ ಆಹಾರ, ದ್ರಾಕ್ಷಾರಸ ಮತ್ತು 40 ಶೆಕೆಲ್ ಬೆಳ್ಳಿ ವಸೂಲು ಮಾಡುತ್ತಿದ್ದರು. ಅವನಿಗೂ ಅದು ಹುದ್ದೆಯ ಹಕ್ಕಾಗಿತ್ತು. ದೇವರ ಭಯದಿಂದ 12 ವರ್ಷ ಅದನ್ನು ಮುಟ್ಟಲಿಲ್ಲ ಎಂದು ಬರೆದಿದ್ದಾನೆ. ಅವನ ಊಟದ ಪಂಕ್ತಿಯಲ್ಲಿ ಯೆಹೂದ್ಯರಲ್ಲದೆ ಸುತ್ತಲಿನ ಜನಾಂಗಗಳಿಂದ ಬಂದವರೂ ಇರುತ್ತಿದ್ದರು ಎಂಬ ಮಾತು ಅದೇ ಅಧ್ಯಾಯದಲ್ಲಿದೆ, ಅದು ನನಗೆ ಬಹಳ ಪ್ರಿಯವಾದದ್ದು.

ದೀಪಾವಳಿಗೆ ಸಾಲಗಾರರಿಂದ ಬರುವ ಸಿಹಿ ಡಬ್ಬಿಯ ಕೆಳಗೆ ಲಕೋಟೆ ಇರಬಹುದು. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತದಿಂದ ಕೊಟ್ಟವರು 7 ದಿನದೊಳಗೆ ದೂರು ಕೊಟ್ಟರೆ ಮಾತ್ರ ವಿನಾಯಿತಿ. ಆದ್ದರಿಂದ ಲಕೋಟೆಯನ್ನು ಹಿಂತಿರುಗಿಸುವಾಗ, ಇದು ಕೊಡುವವರಿಗೂ ಅಪಾಯವೆಂದು ತಿಳಿಸಿ. ಡಬ್ಬಿಯನ್ನು ಎಲ್ಲರ ಮುಂದೆ ಬಿಚ್ಚಿ ಹಂಚುವುದು ನಾನು ಇಟ್ಟುಕೊಂಡಿದ್ದ ಕ್ರಮ. ಇಂಗ್ಲೆಂಡಿನಲ್ಲಿ 17ನೆಯ ಶತಮಾನದ ಕ್ವೇಕರ್ ಎಂಬ ಕ್ರೈಸ್ತ ಪಂಥದ ವ್ಯಾಪಾರಿಗಳು ಚೌಕಾಸಿಯನ್ನು ಸುಳ್ಳಿನ ಒಂದು ಬಗೆಯೆಂದು ತಿಳಿದು, ಸಾಮಾನಿಗೆ ಒಂದೇ ದರ ಇಟ್ಟರು. ಮಗುವನ್ನು ಕಳಿಸಿದರೂ ಮೋಸವಾಗದೆಂದು ಬೇರೆ ಪಂಥದವರೂ ಅವರ ಅಂಗಡಿಗೆ ಬರತೊಡಗಿದರು. ಚೌಕಿಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡುವ ನಮ್ಮ ಸಹೋದರರು ಇದರ ಬಗ್ಗೆ ಆಲೋಚಿಸಬಹುದು.

ಹಬ್ಬಗಳ ಲೆಕ್ಕಕ್ಕೆ ಬರುತ್ತೇನೆ. ಬ್ಯಾಂಕಿನಲ್ಲಿರುವವರಿಗೆ 2024 ಮತ್ತು 2025ರ ಮಾರ್ಚ್‌ನ ಹಣಕಾಸು ವರ್ಷಾಂತ್ಯ ನೆನಪಿರಬೇಕು. 2024ರ ಮಾರ್ಚ್ 31 ಭಾನುವಾರ, ಅದೇ ದಿನ ಈಸ್ಟರ್. ಸರ್ಕಾರಿ ವ್ಯವಹಾರ ನೋಡುವ ಶಾಖೆಗಳು ಅಂದು ತೆರೆದಿರಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ನಮ್ಮವರು ಎಷ್ಟು ನೊಂದುಕೊಂಡರೆಂದು ನನಗೆ ಗೊತ್ತು. ಕೆಲವು ಶಾಖೆಗಳಲ್ಲಿ, ಕ್ರೈಸ್ತ ಸಿಬ್ಬಂದಿ ಮುಂಜಾನೆಯ ಪುನರುತ್ಥಾನದ ಆರಾಧನೆ ಮುಗಿಸಿ ಬರಲೆಂದು ಹಿಂದೂ ಮತ್ತು ಮುಸ್ಲಿಂ ಸಹೋದ್ಯೋಗಿಗಳು ಬೆಳಗಿನ ಕೆಲಸ ಹಂಚಿಕೊಂಡರು. ಮರುವರ್ಷ ಅದೇ ಮಾರ್ಚ್ 31ಕ್ಕೆ ರಂಜಾನ್ ಹಬ್ಬ ಬಂತು, ಅಂದೂ ಶಾಖೆಗಳು ತೆರೆದಿರಬೇಕೆಂದು ಸೂಚನೆ ಬಂತು. ಹಿಂದಿನ ವರ್ಷ ನೊಂದವರು ಆ ವರ್ಷ ತಾವಾಗಿ ಮುಂದೆ ಬಂದು, ಈದ್ಗಾ ನಮಾಜು ಮುಗಿಸಿ ಮನೆಯಲ್ಲಿ ಊಟ ಮಾಡಿ ಬನ್ನಿ, ಅಲ್ಲಿಯವರೆಗೆ ಕೌಂಟರ್ ನಾವು ನೋಡಿಕೊಳ್ಳುತ್ತೇವೆ ಎಂದರೇ? ಜನರು ನಿಮಗೆ ಏನೇನು ಮಾಡಬೇಕೆಂದು ಅಪೇಕ್ಷಿಸುತ್ತೀರೋ ಅದನ್ನೇ ನೀವು ಅವರಿಗೆ ಮಾಡಿರಿ ಎಂಬ ಪರ್ವತ ಪ್ರಸಂಗದ ಮಾತು ಕರ್ತವ್ಯದ ಪಾಳಿಪಟ್ಟಿ ಬರೆಯುವವರಿಗೂ ಅನ್ವಯಿಸುತ್ತದೆ. ಪಟ್ಟಿಯನ್ನು ಬರೆಯುವ ಮೊದಲು ವರ್ಷದ ಪಂಚಾಂಗ ನೋಡಿ, ಯುಗಾದಿ, ಬಸವ ಜಯಂತಿ, ಬಕ್ರೀದ್, ಮಹಾವೀರ ಜಯಂತಿ, ಶುಭ ಶುಕ್ರವಾರ ಎಲ್ಲವನ್ನೂ ಗುರುತು ಹಾಕಿಕೊಳ್ಳಿ. ಕೇಳಿ ಪಡೆಯುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಧರ್ಮಗಳ ನಡುವಿನ ಸಮಾನತೆಯನ್ನು ಮಾತಾಡಿ ಜಾತಿಯನ್ನು ಹೊರಗಿಟ್ಟರೆ ನಮ್ಮ ಮಾತಿಗೆ ಬೆಲೆಯಿಲ್ಲ. ಜಾತಿ ನಮ್ಮ ಸಭೆಗಳೊಳಗೂ ಬಂದು ಕುಳಿತಿದೆ, ಕಚೇರಿಯೊಳಗೂ ಇದೆ. ಒಂದು ಕಚೇರಿಯಲ್ಲಿ ನಾನು ಕಂಡದ್ದು: ಚಹಾ ಬರುವ ಹೊತ್ತಿಗೆ ಕಟ್ಟೆಯ ಮೇಲೆ ಒಂದೇ ಬಗೆಯ ಸ್ಟೀಲ್ ಲೋಟಗಳ ಸಾಲು, ಕಸ ಗುಡಿಸುವ ಅಕ್ಕನ ಅಂಚು ಸೀಳಿದ ಪ್ಲಾಸ್ಟಿಕ್ ಲೋಟ ನಲ್ಲಿಯ ಹಿಂದಿನ ಕಿಟಕಿಯಲ್ಲಿ. ಅದನ್ನು ಯಾರು ಅಲ್ಲಿಟ್ಟರೋ ಯಾರಿಗೂ ನೆನಪಿರಲಿಲ್ಲ, ಆಕೆಯೇ ತೊಳೆದು ಅಲ್ಲೇ ಇಡುತ್ತಿದ್ದಳು. ಅಲ್ಲಿನ ಅಧಿಕಾರಿ ಯಾರನ್ನೂ ಗದರಿಸಲಿಲ್ಲ. ಹೊಸದಾಗಿ ಒಂದೇ ನಮೂನೆಯ ಲೋಟಗಳನ್ನು ತರಿಸಿ, ಹಳೆಯವನ್ನೆಲ್ಲ ಗುಜರಿಗೆ ಕಳಿಸಿ, ಮೊದಲ ದಿನ ತಾವೇ ಚಹಾ ಬಗ್ಗಿಸಿ ಆಕೆಯಿಂದ ಆರಂಭಿಸಿ ಎಲ್ಲರ ಕೈಗೂ ಕೊಟ್ಟರು, ಕುಡಿದ ಲೋಟಗಳನ್ನು ತೊಳೆಯುವ ಪಾಳಿಯಲ್ಲಿ ತಮ್ಮ ಹೆಸರನ್ನೂ ಬರೆದರು. ಗುರುಗಳು ಶಿಷ್ಯರ ಕಾಲು ತೊಳೆದ ಪ್ರಸಂಗವನ್ನು ಯೋಹಾನನ 13ನೆಯ ಅಧ್ಯಾಯದಲ್ಲಿ ಓದುವಾಗಲೆಲ್ಲ ನನಗೆ ಆ ಲೋಟಗಳ ನೆನಪು ಬರುತ್ತದೆ.

ಅದೇ ಅಕ್ಕನ ಮತ್ತು ಕಾವಲುಗಾರನ ಸಂಬಳ ಗುತ್ತಿಗೆದಾರರ ಕೈಯಲ್ಲಿದೆ, ನಮಗೆ ಸಂಬಂಧವಿಲ್ಲ ಎನ್ನುವವರಿದ್ದಾರೆ. ಸಂಬಂಧವಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಉದ್ಯೋಗದಾತರೇ ಕೊಡಬೇಕೆಂಬ ತತ್ತ್ವ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯ ಕಾಲದಿಂದಲೂ ನಮ್ಮ ಕಾನೂನಿನಲ್ಲಿದೆ. ಅದಕ್ಕೂ ಬಹಳ ಹಿಂದೆ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯ, ಕೂಲಿಯವನು ಸ್ವದೇಶದವನಾಗಿರಲಿ ಪರದೇಶದವನಾಗಿರಲಿ, ಹೊತ್ತು ಮುಳುಗುವುದರೊಳಗೆ ಅವನ ಕೂಲಿ ಕೊಡಬೇಕೆಂದಿದೆ. ಗುತ್ತಿಗೆದಾರನ ಬಿಲ್ಲಿಗೆ ಸಹಿ ಹಾಕುವ ಮೊದಲು ಹಿಂದಿನ ತಿಂಗಳ ಸಂಬಳ ಖಾತೆಗೆ ಜಮಾ ಆಯಿತೇ ಎಂದು ಆ ಕಾರ್ಮಿಕರನ್ನೇ ಕರೆದು ಕೇಳಿ. ಪಾಸ್‌ಬುಕ್ ತೋರಿಸಲು ಹೇಳಿ.

ಕೊನೆಯದಾಗಿ, ನಮಗೇ ಅನ್ಯಾಯವಾದರೆ ಏನು ಮಾಡಬೇಕೆಂದು ಇಲ್ಲಿನ ಯುವಕರೊಬ್ಬರು ಚೀಟಿಯಲ್ಲಿ ಬರೆದು ಕಳಿಸಿದ್ದಾರೆ. ಹೆಸರು ನೋಡಿ ಬಡ್ತಿ ತಪ್ಪಿಸುವುದು, ಊಟದ ಹೊತ್ತಿನಲ್ಲಿ ಚುಚ್ಚಿ ಮಾತಾಡುವುದು ಇಲ್ಲವೆಂದು ನಾನು ಹೇಳುವುದಿಲ್ಲ. ಸಹಿಸಿಕೊಂಡು ಸುಮ್ಮನಿರುವುದೇ ಕ್ರೈಸ್ತ ಧರ್ಮವೆಂದು ನಾನು ಒಪ್ಪುವುದಿಲ್ಲ. ಫಿಲಿಪ್ಪಿ ಪಟ್ಟಣದ ಅಧಿಕಾರಿಗಳು ಪೌಲನನ್ನು ವಿಚಾರಣೆಯಿಲ್ಲದೆ ಹೊಡೆಸಿ ಸೆರೆಗೆ ಹಾಕಿ, ಮರುದಿನ ಗುಟ್ಟಾಗಿ ಬಿಟ್ಟುಬಿಡಲು ಹೇಳಿಕಳಿಸಿದಾಗ ಅವನು ಹೊರಡಲಿಲ್ಲ. ತಾನು ರೋಮಿನ ಪ್ರಜೆ, ಅಧಿಕಾರಿಗಳೇ ಬಂದು ಕರೆದುಕೊಂಡು ಹೋಗಲಿ ಎಂದ, ಅವರು ಬಂದರು. ಪ್ರಜೆಗೆ ಇರುವ ಹಕ್ಕನ್ನು ಬಳಸುವುದರಲ್ಲಿ ಅವನಿಗೆ ಸಂಕೋಚವಿರಲಿಲ್ಲ. ನೀವು ಸಹ ದಿನಾಂಕ, ಮಾತು, ಸಾಕ್ಷಿಗಳನ್ನು ಬರೆದಿಟ್ಟುಕೊಂಡು ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ, ಅಲ್ಲಿ ಆಗದಿದ್ದರೆ ಮೇಲಿನವರಿಗೆ ಬರೆಯಿರಿ, ನಿಮ್ಮ ನೌಕರರ ಸಂಘವನ್ನು ಜೊತೆಗಿಟ್ಟುಕೊಳ್ಳಿ. ಹಾಗೆಯೇ, ನಾಳೆ ನಿಮ್ಮ ಕೈಗೆ ಅಧಿಕಾರ ಬಂದು, ಬೇರೆ ಧರ್ಮದವರೊಬ್ಬರು ಅಂಥದೇ ದೂರನ್ನು, ಅದು ಒಬ್ಬ ಕ್ರೈಸ್ತ ಮೇಲ್ವಿಚಾರಕರ ಮೇಲಿನ ದೂರಾಗಿದ್ದರೂ, ನಿಮ್ಮ ಮೇಜಿಗೆ ತಂದರೆ, ಅದೇ ದಿನ ಸ್ವೀಕೃತಿ ಕೊಟ್ಟು ವಿಚಾರಣೆ ಆರಂಭಿಸಿ.